ಟೆಕ್ಸಾಸಾ, ನ್ಯೂಜೆರ್ಸಿನಾ? ಮನೆಯಿಂದ ಕೆಲಸ ಮಾಡುವವರ ತೆರಿಗೆ ಲೆಕ್ಕ

ಟೆಕ್ಸಾಸ್‌ನಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆಯೇ ಇಲ್ಲ. ನ್ಯೂಜೆರ್ಸಿಯಲ್ಲಿ ಆದಾಯ ಏರಿದ ಹಾಗೆ ದರವೂ ಏರುತ್ತದೆ. ಇಷ್ಟೇ ನೋಡಿ ಟೆಕ್ಸಾಸ್‌ಗೆ ಗಂಟುಮೂಟೆ ಕಟ್ಟಬೇಡಿ. ನಿಮ್ಮ ಆಫೀಸ್ ಎಲ್ಲಿದೆ ಅನ್ನೋದು ಮುಖ್ಯ.

ಕ್ಯಾಲಿಫೋರ್ನಿಯಾದ ಕಂಪನಿಯಾದರೆ ಟೆಕ್ಸಾಸ್ ನಿಜಕ್ಕೂ ಲಾಭ. ವಾಸ ಬದಲಿಸಿ, ಅಲ್ಲೇ ಕೂತು ಮಾಡಿದ ಕೆಲಸದ ಸಂಬಳಕ್ಕೆ ಕ್ಯಾಲಿಫೋರ್ನಿಯಾ ತೆರಿಗೆ ಹಾಕುವುದಿಲ್ಲ. ಮೊದಲು ಕ್ಯಾಲಿಫೋರ್ನಿಯಾದಲ್ಲಿ ದುಡಿದಾಗ ಕೊಟ್ಟ ಕಂಪನಿ ಷೇರು ಆಮೇಲೆ ಕೈಸೇರಿದರೆ ಮಾತ್ರ, ಅದರಲ್ಲೊಂದು ಪಾಲಿಗೆ ತೆರಿಗೆ ಕೇಳುತ್ತದೆ.

ನ್ಯೂಯಾರ್ಕ್ ಆಫೀಸಾದರೆ ಕಥೆಯೇ ಬೇರೆ. ನಿಮ್ಮ ಅನುಕೂಲಕ್ಕೆ ಮನೆಯಿಂದ ಮಾಡಿದ ದಿನವನ್ನೂ ನ್ಯೂಯಾರ್ಕ್ ರಾಜ್ಯ ಸಾಮಾನ್ಯವಾಗಿ ತನ್ನಲ್ಲೇ ಮಾಡಿದ ಕೆಲಸ ಎಂದು ಎಣಿಸುತ್ತದೆ. ಟೆಕ್ಸಾಸ್‌ಗೆ ಹೋದರೂ ಆ ತೆರಿಗೆ ತಪ್ಪದು! ನ್ಯೂಜೆರ್ಸಿ ಅದನ್ನು ತನ್ನ ತೆರಿಗೆಯಲ್ಲಿ ಕಳೆದುಕೊಡುವುದರಿಂದ ಎರಡರ ನಡುವಿನ ಅಂತರ ತೀರಾ ಕಮ್ಮಿ. ಮನೆ ತೆರಿಗೆಯಂತೂ ಎರಡೂ ಕಡೆ ಜಾಸ್ತಿ.