ಮೊಂತೇನ್ ಕೂತು ಬರೆದ ಗೋಪುರ ನೋಡಿ ಬಂದೆ

ಫ್ರಾನ್ಸಿನ ಬೋರ್ಡೋ ಕಡೆ ಹೋಗುವವರು ಒಂದು ದಿನ ಉಳಿಸಿಕೊಂಡು ಸಾಂ-ಮಿಶೆಲ್-ದ-ಮೊಂತೇನ್ ಎಂಬ ಹಳ್ಳಿಗೆ ಹೋಗಿ ಬನ್ನಿ. ಹದಿನಾರನೇ ಶತಮಾನದ ಫ್ರೆಂಚ್ ಲೇಖಕ ಮಿಶೆಲ್ ದ ಮೊಂತೇನ್ ತನ್ನ ಪ್ರಬಂಧಗಳನ್ನು ಬರೆದದ್ದು ಅಲ್ಲಿಯ ದುಂಡನೆ ಕಲ್ಲುಗೋಪುರದಲ್ಲಿ. ಪಕ್ಕದ ದೊಡ್ಡ ಮನೆ 1885ರಲ್ಲಿ ಸುಟ್ಟುಹೋಯಿತು, ಈಗಿರುವುದು ಆಮೇಲೆ ಕಟ್ಟಿದ್ದು. ಗೋಪುರ ಮಾತ್ರ ಉಳಿದಿದೆ.

ಕೆಳಗೆ ಪ್ರಾರ್ಥನೆಯ ಕೋಣೆ, ನಡುವೆ ಮಲಗುವ ಕೋಣೆ, ಮೇಲೆ ಪುಸ್ತಕದ ಕೋಣೆ. ಸುತ್ತುಮೆಟ್ಟಿಲು ಇಕ್ಕಟ್ಟು. ಮಂಡಿನೋವಿದ್ದರೆ ನಿಧಾನ ಹತ್ತಿ, ಆದರೆ ಮೇಲಕ್ಕೆ ಹೋಗದೆ ಬರಬೇಡಿ. ಅವನ ಸುಮಾರು 1000 ಪುಸ್ತಕಗಳು ಎಲ್ಲೆಲ್ಲೋ ಚದುರಿಹೋಗಿವೆ. ಬೇಜಾರಾಗದೆ ಕತ್ತೆತ್ತಿ ನೋಡಿ. ತೊಲೆಗಳ ಮೇಲೆಲ್ಲ ಅವನು ಬರೆಸಿದ ಗ್ರೀಕ್, ಲ್ಯಾಟಿನ್ ಸಾಲುಗಳಿವೆ. ನಾನು ಹುಡುಕಿದ್ದು ಪ್ರಾಚೀನ ರೋಮಿನ ನಾಟಕಕಾರ ಟೆರೆನ್ಸ್‌ನ ಸಾಲು: ನಾನು ಮನುಷ್ಯ, ಮನುಷ್ಯರದ್ದು ಯಾವುದೂ ನನಗೆ ಹೊರಗಿನದಲ್ಲ. ಮಗಳು ಬೆರಳಿಟ್ಟು ತೋರಿಸಿದಳು. ಕತ್ತು ನೋಯುವವರೆಗೆ ನೋಡಿದೆ.

ನಾನು 28 ವರ್ಷ ಇತಿಹಾಸ ಪಾಠ ಮಾಡಿದವಳು. ಬ್ರೆಜಿಲ್‌ನ ಮೂಲನಿವಾಸಿಗಳ ಬಗ್ಗೆ 'ನಾಗರಿಕತೆ ತಿಳಿಯದವರು' ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. 1562ರಲ್ಲಿ ಫ್ರಾನ್ಸಿನ ರೂಆನ್ ಪಟ್ಟಣಕ್ಕೆ ಬಂದಿದ್ದ ಆ ಬ್ರೆಜಿಲ್ ಜನರಲ್ಲಿ ಮೂವರನ್ನು ಕಂಡದ್ದಾಗಿ ಮೊಂತೇನ್ 'ನರಭಕ್ಷಕರ ಬಗ್ಗೆ' ಎಂಬ ಪ್ರಬಂಧದಲ್ಲಿ ಬರೆದಿದ್ದಾನೆ. ಇಲ್ಲಿ ನಿಮಗೆ ಆಶ್ಚರ್ಯ ಅನಿಸಿದ್ದೇನು ಎಂದು ಕೇಳಿದರೆ, ಗಡ್ಡ ಬಿಟ್ಟ ಆಯುಧಧಾರಿಗಳು ಒಬ್ಬ ಹುಡುಗನ ಮಾತು ಕೇಳುವುದು ಅಂದರಂತೆ. ರಾಜ ಒಂಬತ್ತನೇ ಚಾರ್ಲ್ಸ್ ಆಗಿನ್ನೂ ಹುಡುಗ. ಇನ್ನೊಂದು ಮಾತು ನನ್ನನ್ನು ಬಿಟ್ಟಿಲ್ಲ. ಅವರ ಭಾಷೆಯಲ್ಲಿ ಮನುಷ್ಯರು ಒಬ್ಬರಿಗೊಬ್ಬರು 'ಅರ್ಧ'. ಇಲ್ಲಿ ಫ್ರಾನ್ಸಿನಲ್ಲಿ ಒಂದು ಅರ್ಧದವರು ಹೊಟ್ಟೆ ಬಿರಿಯ ತಿಂದಿರುವಾಗ ಇನ್ನೊಂದು ಅರ್ಧ ಅವರ ಬಾಗಿಲಲ್ಲೇ ಹಸಿದು ಬೇಡುತ್ತಿದೆ. ಇದನ್ನು ಹಸಿದವರು ಹೇಗೆ ಸಹಿಸುತ್ತಾರೆ ಎಂದು ಕೇಳಿದರಂತೆ.

ಅದೇ ವರ್ಷ ಫ್ರಾನ್ಸಿನಲ್ಲಿ ಧರ್ಮದ ಹೆಸರಿನ ಯುದ್ಧ ಶುರುವಾಯಿತು. ಬ್ರೆಜಿಲ್‌ನ ಆ ಜನ ಕೊಂದ ಶತ್ರುಗಳನ್ನು ತಿನ್ನುತ್ತಾರೆ ಎಂದು ಯುರೋಪಿನವರು ಹೇಸುತ್ತಿದ್ದರು, ಆದರೆ ಸತ್ತವನನ್ನು ತಿನ್ನುವುದಕ್ಕಿಂತ ಬದುಕಿರುವವನನ್ನು ಹಿಂಸಿಸಿ ಸುಡುವುದು ಹೆಚ್ಚು ಕ್ರೂರ ಎಂದು ಮೊಂತೇನ್ ಬರೆದ. ಆ ಜನರನ್ನು ಅವನು ಸ್ವಲ್ಪ ಜಾಸ್ತಿಯೇ ಹೊಗಳಿದ್ದಾನೆ, ನಿಜ. ಆದರೂ ತನ್ನವರನ್ನೇ ಹೀಗೆ ಅಳೆಯಲು ಧೈರ್ಯ ಬೇಕಲ್ವಾ?

ಹೋಗುವ ಮೊದಲು 'ನರಭಕ್ಷಕರ ಬಗ್ಗೆ' ಎಂಬ ಆ ಒಂದು ಪ್ರಬಂಧವನ್ನಾದರೂ ಓದಿಕೊಳ್ಳಿ. ಇಲ್ಲದಿದ್ದರೆ ಇದು ಸುಮ್ನೆ ಹಳೇ ಕಟ್ಟಡ ಅನಿಸಬಹುದು. ಮತ್ತೆ, ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಕೆಳಗೆ ಅಂಗಳ ಕಾಣುತ್ತದೆ. ಸುತ್ತಲಿನ ಮನೆಗಳೆಲ್ಲ ಕೋಟೆಗಳಾಗಿದ್ದ ಆ ಯುದ್ಧದ ವರ್ಷಗಳಲ್ಲೂ ಮೊಂತೇನ್ ಇಲ್ಲಿ ಸೈನಿಕರನ್ನು ಇಡಲಿಲ್ಲ. ಬಾಗಿಲಿಗೆ ಇದ್ದದ್ದು ಹಳೇ ಪದ್ಧತಿಯಂತೆ ಒಬ್ಬ ದ್ವಾರಪಾಲಕ ಅಷ್ಟೇ.