ಹದಿನಾರು ವರ್ಷ ಬ್ಲಾಗುಗಳಿಗೆ ಅಂಕ ಹಾಕಿದವನ ವಿಮರ್ಶೆ

ಬಳಸಿದ್ದು: ವೈಯಕ್ತಿಕ ಬ್ಲಾಗುಗಳು, ಹೆಚ್ಚಾಗಿ ಫೀಡ್ ರೀಡರ್ (ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುವ ಸಾಧನ) ಮೂಲಕ. ಅವಧಿ: 2008ರಿಂದ, ಬಹುತೇಕ ದಿನಾ. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

2008ರಲ್ಲಿ ನನಗೊಂದು ಹುಚ್ಚು ಹತ್ತಿತ್ತು. ಓದಿದ ಪ್ರತಿ ಬ್ಲಾಗಿಗೂ ಅಂಕ ಹಾಕುವುದು. ಗೆರೆ ಎಳೆದ ಒಂದು ಉದ್ದದ ನೋಟ್‌ಬುಕ್, ಅದರಲ್ಲಿ ಬರವಣಿಗೆಗೆ ಹತ್ತು, ವಿನ್ಯಾಸಕ್ಕೆ ಹತ್ತು ಅಂತ ಎರಡು ಕಾಲಂ. ಹುಚ್ಚು ನನಗೊಬ್ಬನಿಗೇ ಇತ್ತು ಅನ್ನಬೇಡಿ. ಬ್ಲಾಗುಗಳಿಗೆಂದೇ ‘ಬ್ಲಾಗೀಸ್’ ಎಂಬ ವಾರ್ಷಿಕ ಪ್ರಶಸ್ತಿ 2001ರಲ್ಲೇ ಶುರುವಾಗಿತ್ತು. ಬೇರೆಯವರ ಬ್ಲಾಗ್ ಓದಿ ಅಂಕ ಕೊಡುವುದನ್ನೇ ಕೆಲಸ ಮಾಡಿಕೊಂಡ ತಾಣಗಳೂ ಇದ್ದವು. ಜನ ತಾವಾಗಿ ಅರ್ಜಿ ಹಾಕಿ, ಬೈಸಿಕೊಳ್ಳಲು ಸಾಲಿನಲ್ಲಿ ಕಾಯುತ್ತಿದ್ದರು!

ಹೋದ ವರ್ಷ ಕಪಾಟು ಒರೆಸುವಾಗ ಆ ನೋಟ್‌ಬುಕ್ ಸಿಕ್ಕಿತು. ಇನ್ನೂರರ ಆಸುಪಾಸು ಹೆಸರುಗಳಿವೆ. ಅವುಗಳಲ್ಲಿ ನಾನು ಇವತ್ತಿಗೂ ಓದುವುದು ಹನ್ನೊಂದನ್ನು. ಆ ಹನ್ನೊಂದರಲ್ಲಿ ಮೊದಲ ದಿನವೇ ಇಪ್ಪತ್ತಕ್ಕೆ ಹದಿನೈದು ದಾಟಿದ್ದು ಎರಡೇ ಎರಡು. ಹತ್ತೊಂಬತ್ತು ಅಂಕ ಪಡೆದ ಒಂದು ಬ್ಲಾಗಿನ ಹೆಸರು ಓದಿದೆ, ಅದು ಯಾರದು, ಏನು ಬರೆಯುತ್ತಿದ್ದರು, ಒಂದೂ ನೆನಪಾಗಲಿಲ್ಲ. ಹಾಗಾಗಿ ಇದು ಬ್ಲಾಗುಗಳ ವಿಮರ್ಶೆ ಎಷ್ಟೋ, ನನ್ನ ಅಂಕಪಟ್ಟಿಯ ವಿಮರ್ಶೆಯೂ ಅಷ್ಟೇ.

ಹೆಚ್ಚು ಎಡವಿದ್ದು ವಿನ್ಯಾಸದ ಕಾಲಂನಲ್ಲಿ. ಹಳಬರಿಗೆ ಕ್ಯುಬ್ರಿಕ್ ಥೀಮ್ ನೆನಪಿರುತ್ತದೆ. 2005ರಲ್ಲಿ ಬ್ಲಾಗ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ 1.5ರ ಜತೆ ಬಂದ ಸಿದ್ಧ ವಿನ್ಯಾಸ. ಮೇಲೆ ದುಂಡು ಮೂಲೆಯ ನೀಲಿ ಪಟ್ಟಿ, ಅದರ ಕೆಳಗೆ ಬಿಳಿ ಹಾಳೆ. 2010ರಲ್ಲಿ ಟ್ವೆಂಟಿ ಟೆನ್ ಎಂಬ ಹೊಸ ಥೀಮ್ ಬರುವ ತನಕ ಅದೇ ಡಿಫಾಲ್ಟ್ ಆಗಿತ್ತು, ಬ್ಲಾಗ್ ತೆರೆದವರು ಎಷ್ಟೋ ಮಂದಿ ಅದನ್ನು ಮುಟ್ಟಲೂ ಹೋಗುತ್ತಿರಲಿಲ್ಲ. ಆ ನೀಲಿ ಕಂಡರೆ ಸಾಕು, ನಾನು ಮೂರು ಅಂಕ ಕಿತ್ತುಕೊಂಡು ಪಕ್ಕದಲ್ಲಿ ‘ಸ್ವಂತಿಕೆ ಇಲ್ಲ’ ಎಂದು ಷರಾ ಬರೆಯುತ್ತಿದ್ದೆ. ಈಗ ಉಳಿದಿರುವ ಹನ್ನೊಂದರಲ್ಲಿ ನಾಲ್ಕು ಆಗ ಅದೇ ನೀಲಿಯಲ್ಲಿದ್ದವು.

ಹತ್ತಕ್ಕೆ ಹತ್ತು ಕೊಟ್ಟ ಒಂದರ ಕತೆ ಕೇಳಿ. ಕಪ್ಪು ಬ್ಯಾಕ್‌ಗ್ರೌಂಡ್, ಕೈಯಲ್ಲೇ ಬಿಡಿಸಿದ ಹೆಡರ್ ಚಿತ್ರ, ಮೌಸ್ ಹೋದಲ್ಲೆಲ್ಲ ಮಿನುಗುವ ಲಿಂಕುಗಳು. ಮೊದಲ ದಿನ ಬಾಯಿ ಬಿಟ್ಟುಕೊಂಡು ನೋಡಿದೆ. ಮೂರನೇ ವಾರಕ್ಕೆ ಒಂದು ಸಂಗತಿ ಗಮನಕ್ಕೆ ಬಂತು: ಪುಟ ತೆರೆದ ಕೂಡಲೇ ನನ್ನ ಬೆರಳು ತಾನಾಗಿ ಸ್ಕ್ರಾಲ್ ಮಾಡುತ್ತದೆ, ಆ ಚಿತ್ರ ದಾಟಿದ ಮೇಲೇ ಮೊದಲ ವಾಕ್ಯ. ಪ್ರತಿ ಸಲ ಹೋದಾಗಲೂ ಮನೆಯವರು ಹೊಸಿಲಲ್ಲೇ ನಿಲ್ಲಿಸಿ ಬಾಗಿಲಿನ ಕೆತ್ತನೆ ತೋರಿಸಿದರೆ ಹೇಗಿರುತ್ತದೋ ಹಾಗೆ. ಕೆತ್ತನೆ ಚೆನ್ನಾಗಿಯೇ ಇತ್ತು, ಅದರ ಬಗ್ಗೆ ತಕರಾರಿಲ್ಲ.

ನೂರನೇ ಸಲ ಹೋದಾಗಲೂ ಲೆಕ್ಕಕ್ಕೆ ಬರುವ ವಿನ್ಯಾಸ ಬೇರೆಯದೇ. ಸಾಲಿನ ಉದ್ದ, ಸಾಲುಗಳ ನಡುವಿನ ಜಾಗ, ಅಕ್ಷರಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸ, ಇಷ್ಟೇ. ಇವಕ್ಕೆ ಅಳತೆಗಳೂ ಇವೆ. ವೆಬ್ ಪುಟ ಎಲ್ಲರಿಗೂ ಓದಲು ಬರಬೇಕೆಂದು ಮಾಡಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಕೇಳುತ್ತದೆ. ಅದರದೇ ಮೇಲಿನ ಹಂತದಲ್ಲಿ, ಸಾಲಿಗೆ 80 ಅಕ್ಷರ ಮೀರಬಾರದು, ಸಾಲಿನ ಅಂತರ ಒಂದೂವರೆ ಪಟ್ಟಾದರೂ ಇರಬೇಕು ಅನ್ನುತ್ತದೆ. ಬಿಳಿಯ ಮೇಲೆ #999 ಎಂಬ ತಿಳಿ ಬೂದು ಹಾಕಿದರೆ ಸಿಗುವುದು 2.85:1 ಮಾತ್ರ. ಅದೇ ಬೂದನ್ನು ಸ್ವಲ್ಪ ಗಾಢ ಮಾಡಿ #767676 ಮಾಡಿದರೆ ಗೆರೆ ದಾಟುತ್ತದೆ. ಬರೆದವರಿಗೆ ಐದು ನಿಮಿಷದ ಕೆಲಸ. ನಲವತ್ತು ದಾಟಿದ ಓದುಗನಿಗೆ ಅದು ಕನ್ನಡಕ ಹುಡುಕಿಕೊಂಡು ಹೋಗುವ, ಬಿಡುವ ಪ್ರಶ್ನೆ. 2008ರಲ್ಲಿ ಈ ಬೂದು ಬಣ್ಣವನ್ನು ನಾನು ‘ಸೊಗಸು’ ಎಂದು ಹೊಗಳಿ ಬರೆದಿದ್ದೇನೆ. ಆಗ ನನ್ನ ಕಣ್ಣು ಚೆನ್ನಾಗಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಹೆಚ್ಚಿನ ಥೀಮುಗಳನ್ನು ಇಂಗ್ಲಿಷ್ ಅಕ್ಷರ ಕಣ್ಮುಂದೆ ಇಟ್ಟುಕೊಂಡು ಮಾಡಿರುತ್ತಾರೆ. ಅದರ ಸಾಲಿನ ಅಂತರವನ್ನು ಹಾಗೇ ಬಿಟ್ಟರೆ, ಮೇಲಿನ ಸಾಲಿನ ‘ಷ್ಟ್ರ’ದ ಒತ್ತು ಇಳಿದು ಕೆಳಗಿನ ಸಾಲಿನ ‘ಕಿ’ಯ ಗುಡಿಸನ್ನು ಮುಟ್ಟುತ್ತದೆ. ನನ್ನ ಕಣ್ಣಿಗೆ 1.7ರ ಹತ್ತಿರ ಲೈನ್ ಹೈಟ್ ಇದ್ದರೆ ಆರಾಮ. ಇದನ್ನು ಸರಿಮಾಡಿಕೊಂಡವರು ತಮ್ಮ ಬ್ಲಾಗನ್ನು ತಾವೇ ಕೂತು ಓದಿದ್ದಾರೆ ಎಂದರ್ಥ. ನಾನೀಗ ವಿನ್ಯಾಸಕ್ಕೆ ಅಂಕ ಕೊಡುವುದೇ ಆದರೆ ಇದಕ್ಕೇ ಮೊದಲು ಕೊಡುತ್ತೇನೆ.

ಸೈಡ್‌ಬಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಡಿಯಾರ, ಕ್ಯಾಲೆಂಡರ್, ಎಷ್ಟು ಜನ ಬಂದರು ಅನ್ನುವ ಕೌಂಟರ್, ಸಿಕ್ಕ ಬ್ಯಾಡ್ಜುಗಳು. 2010ರಲ್ಲಿ ವೆಬ್ ವಿನ್ಯಾಸಕಾರ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್’, ಅಂದರೆ ಪರದೆಯ ಅಳತೆಗೆ ತಕ್ಕಂತೆ ಬದಲಾಗುವ ವಿನ್ಯಾಸದ ಮಾತು ಎತ್ತಿದ ಮೇಲೆ ಥೀಮುಗಳು ಮೊಬೈಲಿಗೆ ಒಗ್ಗಿಕೊಂಡವು, ಸೈಡ್‌ಬಾರ್ ಪುಟದ ತಳಕ್ಕೆ ಜಾರಿತು, ಯಾರೂ ಅಳಲಿಲ್ಲ. ನನಗೆ ಹೊಟ್ಟೆಯುರಿದದ್ದು ಬ್ಲಾಗ್‌ರೋಲ್, ಅಂದರೆ ಬ್ಲಾಗರ್ ತಾನು ಓದುವ ಬ್ಲಾಗುಗಳ ಪಟ್ಟಿ, ಹೋದದ್ದಕ್ಕೆ. ನನ್ನ ಹನ್ನೊಂದರಲ್ಲಿ ಐದು ಸಿಕ್ಕಿದ್ದು ಇನ್ನೊಬ್ಬರ ಸೈಡ್‌ಬಾರಿನಿಂದ. ತಾನು ಏನು ಓದುತ್ತೇನೆ ಎಂದು ಹೇಳಿಕೊಳ್ಳುವ ಬ್ಲಾಗರ್ ಮೇಲೆ ನನಗೆ ಈಗಲೂ ಒಂದು ಕೈ ಹೆಚ್ಚು ನಂಬಿಕೆ.

ಬರವಣಿಗೆಯನ್ನು ಅಳೆಯಲು ನನಗೆ ಕಲಿಸಿದ್ದು ಫೀಡ್ ರೀಡರ್. ಅದರ ಹಿಂದಿರುವ ತಂತ್ರ ಆರ್‌ಎಸ್‌ಎಸ್, 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ್ದು. ಅದು ಬ್ಲಾಗಿನ ಬಟ್ಟೆಯನ್ನೆಲ್ಲ ಕಳಚಿ ಬರೀ ಮಾತನ್ನು ತಂದು ಎದುರಿಗೆ ಇಡುತ್ತದೆ. 2003ರಲ್ಲಿ ಶುರುವಾದ ಸಿಎಸ್‌ಎಸ್ ಝೆನ್ ಗಾರ್ಡನ್ ಎಂಬ ತಾಣ ಇದರ ತದ್ವಿರುದ್ಧ: ಅಲ್ಲಿ ಒಂದೇ ಪಠ್ಯಕ್ಕೆ ನೂರಾರು ವೇಷ. ಇಲ್ಲಿ ನೂರಾರು ಜನರಿಗೆ ಒಂದೇ ಬಿಳಿ ಅಂಗಿ, ಒಂದೇ ಫಾಂಟ್. ನಾನು 2008ರಿಂದ ಗೂಗಲ್ ರೀಡರ್ ಬಳಸುತ್ತಿದ್ದೆ. 2013ರ ಜುಲೈ 1ಕ್ಕೆ ಅದು ಮುಚ್ಚಿದಾಗ ಚಂದಾ ಪಟ್ಟಿಯನ್ನು ಫೈಲ್ ಮಾಡಿ ಇಳಿಸಿಕೊಂಡು ಇನ್ನೊಂದು ರೀಡರಿಗೆ ಹೋದೆ. ಮರುದಿನ ಅದೇ ಜನ, ಅದೇ ಬಿಳಿ ಅಂಗಿ. ಆ ಗಡಿಬಿಡಿಯಲ್ಲೇ ಒಂದು ಪರೀಕ್ಷೆ ಹೊಳೆಯಿತು. ಹೊಸ ರೀಡರಿನ ಪಟ್ಟಿಯಲ್ಲಿ ಬ್ಲಾಗಿನ ಹೆಸರು ಅರ್ಧಕ್ಕೆ ಕತ್ತರಿಸಿ ಹೋಗಿರುತ್ತಿತ್ತು. ಆದರೂ ಎರಡು ವಾಕ್ಯ ಓದಿದರೆ ಕೆಲವರು ಯಾರೆಂದು ಗೊತ್ತಾಗುತ್ತಿತ್ತು, ಕೆಲವರು ಕೊನೆವರೆಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದವರನ್ನು ಒಬ್ಬೊಬ್ಬರನ್ನಾಗಿ ತೆಗೆಯುತ್ತಾ ಹೋದೆ.

ಗೊತ್ತಾಗುವವರು ಒಳ್ಳೆಯ ವ್ಯಾಕರಣದವರು ಅಂದುಕೊಂಡರೆ ತಪ್ಪು. ಒಬ್ಬರು ಹಳೇ ಗೋಡೆ ಗಡಿಯಾರ ರಿಪೇರಿ ಮಾಡುವ ಹವ್ಯಾಸದವರು, ಕ್ಯುಬ್ರಿಕ್ ನೀಲಿಯ ಬ್ಲಾಗು. ಒಂದು ಪೋಸ್ಟ್ ಹೀಗಿತ್ತು. ಗಡಿಯಾರ ಆಗಾಗ ನಿಲ್ಲುತ್ತದೆ, ಯಾಕೆಂದು ತಿಳಿಯದು. ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ನೋಡಿದರೂ ಅದೇ ಪಾಡು. ಕೊನೆಗೆ ಅವರ ಮಗಳು, ನಿಂತಾಗಲೆಲ್ಲ ಸಮಯವನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಡಲು ಶುರುಮಾಡುತ್ತಾಳೆ. 4:21. 6:32. 9:49. ಪೋಸ್ಟಿನಲ್ಲಿ ಈ ಮೂರು ಸಮಯವನ್ನು ಒಂದರ ಕೆಳಗೊಂದು ಬರೆದು, ಏನೂ ವಿವರಿಸದೆ, ಒಂದು ಸಾಲು ಖಾಲಿ ಬಿಟ್ಟಿದ್ದರು. ಓದುವವನು ಅಲ್ಲಿ ನಿಲ್ಲಲೇಬೇಕು. ನಾನು ನಿಂತೆ, ಕೈಗಡಿಯಾರ ನೋಡಿಕೊಂಡೆ, ಆಮೇಲೆ ಹೊಳೆಯಿತು: ಮೂರೂ ಎರಡು ಮುಳ್ಳುಗಳು ಒಂದರ ಮೇಲೊಂದು ಬರುವ ಹೊತ್ತು. ನಿಮಿಷದ ಮುಳ್ಳು ಸ್ವಲ್ಪ ಬಾಗಿ ಗಂಟೆಯ ಮುಳ್ಳಿಗೆ ತಗುಲುತ್ತಿತ್ತು. ಬೆರಳಲ್ಲಿ ಎತ್ತಿ ಸರಿಮಾಡಿದರಂತೆ, ಅಲ್ಲಿಗೆ ಪೋಸ್ಟ್ ಮುಗಿಯಿತು.

ಆ ಪೋಸ್ಟಿನಲ್ಲಿ ನಾಲ್ಕು ಕಾಗುಣಿತ ತಪ್ಪಿದ್ದವು. ನಾನು ಬರವಣಿಗೆಗೆ ಐದು ಅಂಕ ಹಾಕಿದ್ದೆ. ‘ಭಾಷೆ ಒರಟು’ ಎಂದು ಷರಾ ಬೇರೆ.

ಅದೇ ಕಾಲದ ನನ್ನ ಸ್ವಂತ ಬ್ಲಾಗಿನ ಒಂದು ಪೋಸ್ಟ್ ತೆಗೆದು ನೋಡಿದೆ. ಮಳೆ ಬರುತ್ತಿದೆ, ಮನಸ್ಸು ಎಲ್ಲೋ ತೇಲುತ್ತಿದೆ, ಬದುಕು ಎಷ್ಟು ವಿಚಿತ್ರ ಅಲ್ಲವೇ. ಕಾಗುಣಿತ ಪಕ್ಕಾ. ಆದರೆ ಆ ದಿನ ಏನಾಗಿತ್ತು, ಯಾಕೆ ಹಾಗೆ ತೇಲುತ್ತಿದ್ದೆ, ಬರೆದ ನನಗೇ ಈಗ ತಿಳಿಯದು. ಶೀರ್ಷಿಕೆಯಿಂದಲೂ ಸಹಾಯವಿಲ್ಲ, ‘ಸುಮ್ಮನೆ ಒಂದಿಷ್ಟು – 4’ ಅಂತಿದೆ. ಇಂಥ ಶೀರ್ಷಿಕೆಗಳು ಬರೆದ ದಿನ ಮುದ್ದಾಗಿರುತ್ತವೆ, ಆರ್ಕೈವಿನಲ್ಲಿ ಸಾಲಾಗಿ ನಿಂತಾಗ ಹೆಸರು ಬರೆಯದ ಡಬ್ಬಿಗಳ ಹಾಗೆ ಕಾಣುತ್ತವೆ.

ಇನ್ನೊಂದು ಗಮನಿಸಿದ್ದೇನೆ. ನಿಂತುಹೋದ ಬ್ಲಾಗುಗಳ ಕೊನೆಯ ಪೋಸ್ಟ್ ತೆಗೆದು ನೋಡಿ, ‘ಬಹಳ ದಿನದಿಂದ ಬರೆಯಲಾಗಲಿಲ್ಲ, ಕ್ಷಮಿಸಿ, ಇನ್ನು ಮೇಲೆ ತಪ್ಪದೆ ಬರೆಯುತ್ತೇನೆ’ ಅನ್ನುವುದು ಎಷ್ಟೋ ಕಡೆ ಸಿಗುತ್ತದೆ. ಕ್ಷಮೆ ಕೇಳದೆ ಎಂಟು ತಿಂಗಳ ಮೇಲೆ ಬಂದು ನೇರ ಗಡಿಯಾರದ ಮಾತಿಗೆ ಇಳಿಯುವವರೇ ಬಾಳಿಕೆ ಬರುವವರು.

ಬಾಳಿಕೆ ಅಂದೆನಲ್ಲ, ನೋಟ್‌ಬುಕ್ಕಿನಲ್ಲಿ ಆ ಕಾಲಂ ಇರಲೇ ಇಲ್ಲ. ಹದಿನೆಂಟು ಅಂಕದ ಒಂದು ಬ್ಲಾಗ್ ಉಚಿತ ಸೇವೆಯೊಂದರ ಮೇಲೆ ನಿಂತಿತ್ತು. ಆ ಸೇವೆ ಬಾಗಿಲು ಹಾಕಿದಾಗ ಬ್ಲಾಗೂ ಹೋಯಿತು. ಹಳೇ ವೆಬ್ ಪುಟಗಳ ಪ್ರತಿ ಇಡುವ ವೇಬ್ಯಾಕ್ ಮಷೀನಿನಲ್ಲಿ ಹುಡುಕಿದರೆ ಮಾತುಗಳು ಸಿಕ್ಕವು, ಫೋಟೋಗಳಿದ್ದ ಜಾಗದಲ್ಲಿ ಖಾಲಿ ಚೌಕಗಳು. ಬೇರೆಯವರನ್ನು ಯಾಕೆ ಅನ್ನಲಿ, ನನ್ನದನ್ನು ನಾನೇ ಕೆಡಿಸಿದೆ. ವಿಳಾಸದಲ್ಲಿ ತಾರೀಖು ಯಾಕೆ, ಬರೀ ಶೀರ್ಷಿಕೆ ಇದ್ದರೆ ಚೆಂದ ಎಂದು ಒಂದು ಭಾನುವಾರ ಸೆಟ್ಟಿಂಗ್ಸಿಗೆ ಹೋಗಿ ಪರ್ಮಾಲಿಂಕಿನ ರೂಪ ಬದಲಿಸಿದೆ. ಎರಡು ನಿಮಿಷದ ಕೆಲಸ. ಹಳೇ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಬೇಕಿತ್ತು, ಹಾಕಲಿಲ್ಲ. ಹಳೇ ಪೋಸ್ಟುಗಳಿಗೆ ಇದ್ದ ಲಿಂಕುಗಳೆಲ್ಲ ಅಂದಿನಿಂದ 404, ಅಂದರೆ ‘ಪುಟ ಸಿಗಲಿಲ್ಲ’. ಗಡಿಯಾರದವರೂ ಒಮ್ಮೆ ನನ್ನದೊಂದು ಪೋಸ್ಟಿಗೆ ಲಿಂಕ್ ಕೊಟ್ಟಿದ್ದರು ಎಂದು ತಿಳಿದದ್ದು ಅದು ಮುರಿದು ಮೂರು ವರ್ಷವಾದ ಮೇಲೆ.

ಇನ್ನು ಆ ಒಂದು ಸ್ಟಾರ್. ಅಮೆರಿಕದ ಬ್ಲಾಗರ್ ಜಾರ್ನ್ ಬಾರ್ಗರ್ 1997ರಲ್ಲಿ ‘ವೆಬ್‌ಲಾಗ್’ ಎಂಬ ಪದ ಟಂಕಿಸಿದಾಗ ಅದರಲ್ಲಿ ‘ಲಾಗ್’ ಇತ್ತು, ಅಂದರೆ ದಾಖಲೆ. ದಾಖಲೆಗೆ ತಾರೀಖು ಬೇಡವೇ? ಈಚೆಗೆ ಬಹಳ ಜನ ಪೋಸ್ಟಿನಿಂದ ತಾರೀಖು ತೆಗೆಯುತ್ತಿದ್ದಾರೆ. ತಾರೀಖು ಇಲ್ಲದಿದ್ದರೆ ಬರಹ ಹಳತಾಗಿ ಕಾಣುವುದಿಲ್ಲವಂತೆ, ಹುಡುಕಿ ಬಂದವರು ಹಿಂದೆ ಹೋಗುವುದಿಲ್ಲವಂತೆ. ‘ಹೋದ ವಾರ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು’ ಎಂದು ಓದಿ, ಯಾವ ಹೋದ ವಾರ ಎಂದು ತಿಳಿಯದೆ, ಅವರ ಅಪ್ಪ ಈಗ ಹೇಗಿದ್ದಾರೆ ಎಂದು ಕೇಳಬೇಕೋ ಬೇಡವೋ ಎಂದು ಒದ್ದಾಡಿದ್ದೇನೆ. ಎಷ್ಟು ಚೆನ್ನಾಗಿ ಬರೆದಿದ್ದರೂ ಇದಕ್ಕೆ ನನ್ನಲ್ಲಿ ಮಾಫಿ ಇಲ್ಲ.

ಹನ್ನೊಂದರಲ್ಲಿ ಒಬ್ಬರು ಹೊಸ ಥೀಮ್ ಹಾಕಿದಾಗ ಹೀಗೇ ತಾರೀಖು ಮಾಯವಾಯಿತು. ಮೇಲ್ ಬರೆದೆ: ಮೇಡಂ, ಬಾಕಿಯೆಲ್ಲ ಚೆನ್ನಾಗಿದೆ, ತಾರೀಖು ಮಾತ್ರ ದಯವಿಟ್ಟು ವಾಪಸ್ ಹಾಕಿ. ಎರಡೇ ದಿನಕ್ಕೆ ಉತ್ತರ ಬಂತು, ಥೀಮಿನಲ್ಲಿ ಆ ಬಟನ್ ಇರುವುದೇ ಗೊತ್ತಿರಲಿಲ್ಲ ಸರ್, ಹಾಕಿದ್ದೇನೆ ನೋಡಿ, ಎಂದು. ಹೋಗಿ ನೋಡಿದೆ. ಮೇಲೆ ಇರಲಿಲ್ಲ, ಶೀರ್ಷಿಕೆಯ ಕೆಳಗೆ ಇರಲಿಲ್ಲ. ಪುಟದ ತಳಕ್ಕೆ ಹೋಗಿ ಕನ್ನಡಕ ಹಾಕಿಕೊಂಡ ಮೇಲೆ ಕಂಡಿತು. ಇರುವೆ ಗಾತ್ರದಲ್ಲಿ, ಬಿಳಿಯ ಮೇಲೆ #999.