ಚರ್ಮಗಂಟು ರೋಗದ ಎಲೈಸಾ ಕಿಟ್: ಹಿಂಡಿನ ಸಮೀಕ್ಷೆಗೆ ಒಳ್ಳೆಯದು, ಕಾಯಿಲೆ ಬಿದ್ದ ಹಸುವಿಗೆ ಅಲ್ಲ

ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಚರ್ಮಗಂಟು ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 2019ರಲ್ಲಿ, ಒಡಿಶಾದಿಂದ. 2022ರಲ್ಲಿ ಕರ್ನಾಟಕದ ಕೊಟ್ಟಿಗೆಗಳಲ್ಲೂ ರಾಸುಗಳು ಸತ್ತವು. ಈ ರೋಗದ ವೈರಸ್ ವಿರುದ್ಧ ರಕ್ತದಲ್ಲಿ ಪ್ರತಿಕಾಯ (ಸೋಂಕಿನೆದುರು ದೇಹ ತಯಾರಿಸುವ ಪ್ರೋಟೀನ್) ಹುಟ್ಟಿದೆಯೇ ಎಂದು ಪತ್ತೆ ಹಚ್ಚಲು ಪ್ರಯೋಗಾಲಯಗಳು ಬಳಸುವ ಕಿಟ್‌ಗಳಲ್ಲಿ ಫ್ರಾನ್ಸ್‌ನ ಐಡಿ ಸ್ಕ್ರೀನ್ ಕ್ಯಾಪ್ರಿಪಾಕ್ಸ್ ಡಬಲ್ ಆ್ಯಂಟಿಜೆನ್ ಎಲೈಸಾ ಒಂದು. ಎಲೈಸಾ ಎಂದರೆ ಪ್ರತಿಕಾಯ ಇದ್ದರೆ ಬಣ್ಣ ಬರುವ ಪರೀಕ್ಷೆ.

ಕೆಲಸ ಸರಳ. ಪ್ಲೇಟಿನ ಪ್ರತಿ ವೆಲ್‌ಗೆ (ಪುಟ್ಟ ಗುಳಿಗೆ) 50 ಮೈಕ್ರೋಲೀಟರ್ ಬಫರ್ ದ್ರಾವಣ, 50 ಮೈಕ್ರೋಲೀಟರ್ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ); 90 ನಿಮಿಷ ಬಿಟ್ಟು ತೊಳೆಯಬೇಕು. ಬಳಿಕ 100 ಮೈಕ್ರೋಲೀಟರ್ ಕಾಂಜುಗೇಟ್ (ಪ್ರತಿಕಾಯಕ್ಕೆ ಅಂಟುವ, ಕಿಣ್ವ ಜೋಡಿಸಿದ ದ್ರಾವಣ) ಹಾಕಿ 30 ನಿಮಿಷ, ಮತ್ತೆ ತೊಳೆತ, ಸಬ್‌ಸ್ಟ್ರೇಟ್ (ಆ ಕಿಣ್ವದಿಂದ ಬಣ್ಣ ತಳೆಯುವ ದ್ರಾವಣ) ಹಾಕಿ ಕತ್ತಲಲ್ಲಿ 15 ನಿಮಿಷ, ಕ್ರಿಯೆ ನಿಲ್ಲಿಸುವ ಸ್ಟಾಪ್ ದ್ರಾವಣ, 450 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣದ ರೀಡಿಂಗ್. ಪಾಸಿಟಿವ್ ಕಂಟ್ರೋಲ್‌ಗೆ (ಪ್ರತಿಕಾಯ ಇದೆಯೆಂದು ಮೊದಲೇ ಗೊತ್ತಿರುವ ಮಾದರಿಗೆ) ಹೋಲಿಸಿ ಶೇ 30 ಅಥವಾ ಹೆಚ್ಚು ಬಂದರೆ ಪಾಸಿಟಿವ್. ಜೀವಂತ ವೈರಸ್ ಮುಟ್ಟಬೇಕಿಲ್ಲ, ಅರ್ಧ ದಿನದಲ್ಲಿ ಪ್ಲೇಟ್ ಮುಗಿಯುತ್ತದೆ. ಪ್ರತಿಕಾಯ ಜೀವಂತ ವೈರಸ್ಸನ್ನು ತಡೆಯುತ್ತದೆಯೇ ಎಂದು ನೋಡುವ ನ್ಯೂಟ್ರಲೈಸೇಶನ್ ಪರೀಕ್ಷೆಗೆ ಕೋಶ ಬೆಳೆಸಿ ದಿನಗಟ್ಟಲೆ ಕಾಯುವವರಿಗೆ ಇದರ ಬೆಲೆ ಗೊತ್ತು.

ಕೆಡುವುದು ಹೆಚ್ಚಾಗಿ ಎರಡು ಕಡೆ. ತೊಳೆತದಲ್ಲಿ ಸ್ವಲ್ಪ ಕಾಂಜುಗೇಟ್ ಉಳಿದರೂ ನೆಗೆಟಿವ್ ವೆಲ್‌ಗೂ ಬಣ್ಣ ಬರುತ್ತದೆ. ಇನ್ನೊಂದು, ಕೋಣೆಯ ಶಾಖ. ಕಿಟ್‌ಗೆ ಬೇಕಾದದ್ದು 21 ಡಿಗ್ರಿ ಆಸುಪಾಸು. ರಾಯಚೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಮಾಡಿದರೆ ಬಣ್ಣ ಮಿತಿಮೀರುತ್ತದೆ, ಫ್ರಿಜ್‌ನಿಂದ ತೆಗೆದ ರೀಏಜೆಂಟನ್ನು ತಣ್ಣಗಿರುವಾಗಲೇ ಹಾಕಿದರೆ ಬಣ್ಣವೇ ಏಳುವುದಿಲ್ಲ.

ಸೀರಂ ಕೆಡುವುದು ಮಾತ್ರ ಪ್ರಯೋಗಾಲಯಕ್ಕೆ ಬರುವ ಮೊದಲೇ. ಕೊರಳಿನ ರಕ್ತನಾಳದಿಂದ ಸಾದಾ ಟ್ಯೂಬಿಗೆ 5 ಮಿ.ಲೀ. ತೆಗೆದು, ಓರೆಯಾಗಿಟ್ಟು, ನೆರಳಲ್ಲಿ ಒಂದೆರಡು ಗಂಟೆ ಹೆಪ್ಪುಗಟ್ಟಲು ಬಿಡಿ. ಹೆಪ್ಪುಗಟ್ಟುವ ಮೊದಲೇ ಬೈಕಿನ ಡಿಕ್ಕಿಯಲ್ಲಿ ಕುಲುಕಿಸಿಕೊಂಡು ಬಂದರೆ ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ. ಅಂಥದ್ದನ್ನು ತಿರಸ್ಕರಿಸಿ ಹೊಸದಾಗಿ ತರಿಸುವುದೇ ಸರಿ.

ಈಗ ಮುಖ್ಯ ಮಾತು. ಗಂಟು ಎದ್ದ ಹಸುವಿನ ಸೀರಂ ತಂದು ನೆಗೆಟಿವ್ ಬಂದಾಗ ರೋಗವಿಲ್ಲವೆಂದು ನಿರಾಳವಾಗುವುದು ಅಪಾಯ. ಪ್ರತಿಕಾಯ ಅಳೆಯುವಷ್ಟು ಏರಲು ಎರಡು ಮೂರು ವಾರ ಬೇಕು. ಆ ಹಸುವಿಗೆ ಬೇಕಿರುವುದು ವೈರಸ್ಸಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ. ಅದಕ್ಕೂ ರಕ್ತಕ್ಕಿಂತ ಗಂಟಿನ ಹಕ್ಕಳೆ ಉತ್ತಮ: ರಕ್ತದಲ್ಲಿ ವೈರಸ್ ಕೆಲವೇ ದಿನ, ಅದೂ ಬಿಟ್ಟು ಬಿಟ್ಟು ಸಿಗುತ್ತದೆ, ಹಕ್ಕಳೆಯಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಪಾಸಿಟಿವ್ ಬಂದರೂ ಅವಸರ ಬೇಡ. ಕುರಿ ಸಿಡುಬು, ಮೇಕೆ ಸಿಡುಬು, ಚರ್ಮಗಂಟು ಮೂರರ ಪ್ರತಿಕಾಯವನ್ನೂ ಈ ಕಿಟ್ ಒಂದೇ ಎಂದು ಓದುತ್ತದೆ. ನಮ್ಮಲ್ಲಿ ದನಗಳಿಗೆ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಹಾಗಾಗಿ ಪಾಸಿಟಿವ್ ಎಂದರೆ ಸೋಂಕೂ ಆಗಿರಬಹುದು, ಲಸಿಕೆಯೂ ಆಗಿರಬಹುದು. ಮಾದರಿಯ ಜೊತೆ ಲಸಿಕೆಯ ದಿನಾಂಕ ಬರೆದು ಕಳಿಸದಿದ್ದರೆ ಫಲಿತಾಂಶಕ್ಕೆ ಅರ್ಥವೇ ಇಲ್ಲ. ಲಸಿಕೆ ಪಡೆದ ಕೆಲವು ರಾಸುಗಳಲ್ಲಿ ರಕ್ಷಣೆ ಇದ್ದೂ ಪ್ರತಿಕಾಯ ಕಾಣದಿರಬಹುದು. ಹೀಗಾಗಿ ನೆಗೆಟಿವ್ ಬಂತೆಂದು ಲಸಿಕೆ ವಿಫಲ ಎನ್ನುವಂತಿಲ್ಲ.

ಲಸಿಕೆ ಹಾಕದ ಹಿಂಡಿಗೆ ಸೋಂಕು ತಟ್ಟಿದೆಯೇ ಎಂದು ನೋಡಲು ಈ ಕಿಟ್ ಕೊಳ್ಳಿ, ಧೈರ್ಯವಾಗಿ ಶಿಫಾರಸು ಮಾಡುತ್ತೇವೆ. ಶೇ 30ರ ಅಂಚಿನಲ್ಲಿ ನಿಂತ ರಾಸಿನ ರಕ್ತವನ್ನು ಮೂರು ವಾರ ಬಿಟ್ಟು ಮತ್ತೆ ತೆಗೆದು, ಎರಡೂ ಸೀರಂಗಳನ್ನು ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕ ಓಡಿಸಿ. ಪಿಸಿಆರ್‌ಗೂ ರಕ್ತ ಕಳಿಸುವುದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್ ಬಳಸಿ. ಅದೇ ಕೆಲಸದ ಹೆಪಾರಿನ್ ಪಿಸಿಆರ್‌ಗೆ ಅಡ್ಡಿಯಾಗುತ್ತದೆ.